ಎರಡು ಕೇಬಲ್ಲಿನ ಜೋಡಕ್ಕ

ನಮ್ಮ ಕಿರಿಯ ಸೊಸೆಗೆ ಕಾರ್ಖಾನೆಯವರು ಇಟ್ಟ ಹೆಸರು ಜೋಡಕ್ಕ. ಇಟ್ಟವರು ಯಾರೋ ತಿಳಿಯದು, ಆದರೆ ಅವರ ಬಾಯಿಗೆ ಸಕ್ಕರೆ ಹಾಕಬೇಕು, ಅಷ್ಟು ಚೆನ್ನಾಗಿ ಒಪ್ಪಿದೆ. ಅವಳ ಕೈಚೀಲದಲ್ಲಿ ಪೆನ್ನು ಎರಡು, ಬಾಚಣಿಗೆ ಎರಡು, ಕೊಡೆಯೂ ಎರಡು. ಮದುವೆಯಾಗಿ ಬಂದ ಹೊಸದರಲ್ಲಿ ಅಡುಗೆಮನೆಯಲ್ಲಿ ಗ್ಯಾಸಿನ ಲೈಟರ್ ಒಂದೇ ಇರುವುದನ್ನು ಕಂಡು, ಇದು ಕೆಟ್ಟರೆ ಏನು ಮಾಡ್ತೀರಿ ಅತ್ತೆ ಎಂದು ಕೇಳಿದಳು. ಬೆಂಕಿಪೆಟ್ಟಿಗೆ ಇಲ್ಲವೇನೆ ಎಂದಳು ನನ್ನ ಹೆಂಡತಿ. ಅದೂ ಒಂದೇ ಇದೆ ಎಂದಳು ಸೊಸೆ. ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲವೂ ಜೋಡಿ. ಗಂಡ ಮಾತ್ರ ಒಬ್ಬನೇ ಯಾಕೆ ಎಂದು ಕಾರ್ಖಾನೆಯಲ್ಲಿ ಯಾರೋ ರೇಗಿಸಿದ್ದಕ್ಕೆ, "ಅದು ಕೆಟ್ರೆ ರಿಪೇರಿ ಮಾಡ್ಕೋಬಹುದು" ಅಂದಳಂತೆ. ನನ್ನ ಕಿರಿಮಗ ವ್ಯಾನಿನಲ್ಲಿ ಕನ್ನಡಕ ಸಾಗಿಸುವವನು, ಈ ಮಾತು ಅವನ ಕಿವಿಗೆ ಮುಟ್ಟುವ ಹೊತ್ತಿಗೆ ಊರೆಲ್ಲ ಸುತ್ತಿ ಬಂದಿತ್ತು.

ಈ ಜೋಡಿ ಹುಚ್ಚು ಅವಳಿಗೆ ಹತ್ತಿದ್ದು ಶಾಲೆಯ ಕೊನೆಯ ಪರೀಕ್ಷೆಯಲ್ಲಂತೆ. ಇದ್ದ ಒಂದು ಪೆನ್ನು ನಡುವೆ ಕಾರಿ, ಲೆಕ್ಕದ ಉತ್ತರಗಳ ಮೇಲೆಲ್ಲ ಕೆರೆ ಕಟ್ಟಿತು. ಅಪ್ಪನದು ಸೈಕಲ್ ಅಂಗಡಿ. ಮಗಳು ಅತ್ತುಕೊಂಡು ಬಂದಾಗ ಅವನು ಸಮಾಧಾನ ಹೇಳುವುದು ಬಿಟ್ಟು, ಮುಂದಿನ ಸಲ ಎರಡು ಒಯ್ಯಿ ಎಂದು ಪಂಕ್ಚರ್ ಹಾಕುವುದಕ್ಕೆ ಕೂತ. ಅಪ್ಪನ ಆ ಒಂದು ಮಾತನ್ನು ಅವಳು ಇನ್ನೂ ಪಾಲಿಸುತ್ತಿದ್ದಾಳೆ.

ಕಾರ್ಖಾನೆ ಕನ್ನಡಕದ ಗಾಜು ಅರೆಯುವಂಥದ್ದು. ಅವಳು ಅಲ್ಲಿಗೆ ಸೇರಿದ್ದು ಫೋನ್ ಮೇಜಿಗೆ. ಅಂಗಡಿಯವರು ಫೋನು ಮಾಡಿ ಗಾಜು ಯಾವಾಗ ಬರುತ್ತೆ ಎಂದು ಕೂಗುತ್ತಿದ್ದರೆ, ಇಗೋ ಬಂತು ಎಂದು ತಣ್ಣಗೆ ಹೇಳುವುದು ಕೆಲಸ. ಮೇಜಿನ ಪಕ್ಕಕ್ಕೇ ನೆಟ್‌ವರ್ಕ್ ಕೋಣೆ. ಆಗ ಅದನ್ನು ನೋಡಿಕೊಳ್ಳುತ್ತಿದ್ದವನು ಬಾಗಿಲು ತೆರೆದಿಟ್ಟು ಯಂತ್ರಗಳಿಗೆ ಬೈಯುತ್ತಾ ಕೆಲಸ ಮಾಡುವ ಆಸಾಮಿ. ಇವಳು ಅವನ ಬೈಗುಳ ಕೇಳಿಯೇ ಅರ್ಧ ವಿದ್ಯೆ ಕಲಿತಳು, ಉಳಿದರ್ಧಕ್ಕೆ ಸಂಜೆ ತರಗತಿಗೆ ಹೋದಳು. ನನ್ನ ಹಾಗೆ ಕೈಯಾಡಿಸಿ ಕಲಿಯುವವರನ್ನು ಕಂಡರೆ ನನಗೆ ಮೊದಲಿಂದಲೂ ಒಂದು ಕೈ ಹೆಚ್ಚು ಮಮತೆ. ರೇಡಿಯೋ ಬಿಚ್ಚಿ ಜೋಡಿಸುವುದನ್ನು ನನಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. ಆ ಆಸಾಮಿ ಬೇರೆ ಕಡೆ ಕೆಲಸ ಹಿಡಿದು ಹೊರಟ ದಿನ ಕೋಣೆಯ ಕೀಲಿ ಇವಳ ಕೈಗೆ ಬಂತು. ಅಂದು ಮನೆಗೆ ಬಂದವಳು ಕೀಲಿಯನ್ನು ಮೇಜಿನ ಮೇಲಿಟ್ಟು, ಬಂದ ಮೊದಲ ಸಂಬಳಕ್ಕಿಂತ ಹೆಚ್ಚಾಗಿ ಅದನ್ನೇ ನೋಡುತ್ತಾ ಕೂತಿದ್ದಳು.

ಕೀಲಿ ಬಂದ ಮೇಲೆ ಜೋಡಿ ಹುಚ್ಚಿಗೆ ರೆಕ್ಕೆ ಮೂಡಿತು. ಆ ಕೋಣೆಯಲ್ಲಿ ಒಂದು ದೊಡ್ಡ ಸರ್ವರ್ ಇದೆ. ಯಾರ ಕಣ್ಣಿಗೆ ಯಾವ ಅಳತೆಯ ಗಾಜು ಎನ್ನುವುದೆಲ್ಲ ಅದರ ಹೊಟ್ಟೆಯಲ್ಲಿ. ಗಾಜು ಅರೆಯುವ ಪ್ರತಿ ಯಂತ್ರವೂ ಅದನ್ನು ಕೇಳಿ ಅಳತೆ ತರಿಸಿಕೊಳ್ಳಬೇಕು, ಅಳತೆ ಬಾರದಿದ್ದರೆ ಗಾಜನ್ನು ದವಡೆಯಲ್ಲಿ ಕಚ್ಚಿಕೊಂಡು ಸುಮ್ಮನೆ ನಿಲ್ಲುತ್ತದೆ. ಸರ್ವರಿಗೂ ಯಂತ್ರಗಳಿಗೂ ನಡುವೆ ಸ್ವಿಚ್ಚು. ಗೋಡೆಯ ದೀಪದ ಗುಂಡಿಯಲ್ಲ, ಸಾಲಾಗಿ ತೂತುಗಳಿರುವ ಚಪ್ಪಟೆ ಡಬ್ಬ, ಎಲ್ಲ ಕೇಬಲ್ಲುಗಳೂ ಬಂದು ಸೇರುವ ಕೂಡುರಸ್ತೆ ಅನ್ನಿ. ಜೋಡಕ್ಕ ಒಂದು ಸ್ವಿಚ್ಚಿದ್ದ ಕಡೆ ಎರಡು ಮಾಡಿಸಿದಳು, ಸರ್ವರಿನಿಂದ ಒಂದೊಂದಕ್ಕೂ ಒಂದೊಂದು ಕೇಬಲ್ ಎಳೆಸಿದಳು. ಒಂದು ಸತ್ತರೆ ಇನ್ನೊಂದು ಹೊರುತ್ತದೆ, ಎರಡೂ ಇದ್ದಾಗ ಭಾರ ಹಂಚಿಕೊಳ್ಳುತ್ತವೆ. ಊಟಕ್ಕೆ ಕೂತಾಗಲೆಲ್ಲ ಅದೇ ಮಾತು. ನನ್ನ ಹಿರಿಮಗ, ಅಂದರೆ ಅವಳ ಭಾವ, ಅದೇ ಕಾರ್ಖಾನೆಯ ಎಲೆಕ್ಟ್ರಿಷಿಯನ್. ತುಟಿ ಬಿಚ್ಚುವುದು ಊಟಕ್ಕೂ ಆಕಳಿಕೆಗೂ ಅನ್ನುವಂಥ ಮನುಷ್ಯ. ಅವನಿಗೆ ಅವಳು ಹೇಳಿದ್ದು ಇಷ್ಟೇ: "ನಮ್ಮ ರೂಮಲ್ಲಿ ಯಾವುದಾದ್ರೂ ಒಂದನ್ನ ಆರಿಸಿ ನೋಡಿ ಭಾವ, ಯಾರಿಗೂ ಗೊತ್ತೇ ಆಗಲ್ಲ." ಅವನು ತಲೆಯಾಡಿಸಿ ಮೊಸರು ಬಡಿಸಿಕೊಂಡ.

ಇಷ್ಟರಲ್ಲಿ ಕಾರ್ಖಾನೆಯವರು ಹಿಂದುಗಡೆ ಹೊಸ ಶೆಡ್ಡು ಕಟ್ಟಿಸಿ ಹೊಸ ಯಂತ್ರಗಳನ್ನು ತಂದರು. ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು. ಬೀದಿಯ ಮನೆಗಳಿಗೆ ನಂಬರು ಕೊಡುವ ಹಾಗೆ ಎಡಸಾಲಿಗೆಲ್ಲ ಬೆಸ, ಬಲಸಾಲಿಗೆಲ್ಲ ಸಮ. ನೆಟ್‌ವರ್ಕಿನಲ್ಲಿ ಯಂತ್ರದ ವಿಳಾಸವೂ ಅದೇ ನಂಬರಿನದು. ಜೋಡಕ್ಕ ಈ ಶೆಡ್ಡಿನ ಮಾತುಕತೆಯನ್ನು ಬೇರೆ ಇಡಬೇಕಿತ್ತು. ಕಚೇರಿಯ ಮಾತು, ಕಾವಲಿನ ಕ್ಯಾಮರಾಗಳ ಮಾತು, ಯಂತ್ರಗಳ ಮಾತು ಮೂರೂ ಒಂದೇ ಕೇಬಲ್ಲಿನಲ್ಲಿ ಓಡಬೇಕು, ಆದರೆ ಒಬ್ಬರದು ಇನ್ನೊಬ್ಬರ ಕಿವಿಗೆ ಬೀಳಬಾರದು. ಅದಕ್ಕೆ ಒಂದೊಂದರ ಬೆನ್ನಿಗೂ ಒಂದೊಂದು ಸಂಖ್ಯೆ ಅಂಟಿಸುತ್ತಾರೆ: ಕಚೇರಿಗೆ ಹತ್ತು, ಕ್ಯಾಮರಾಗಳಿಗೆ ಇಪ್ಪತ್ತು, ಹೊಸ ಶೆಡ್ಡಿಗೆ ನಲವತ್ತು. ಹೀಗೆ ಬೇರೆ ಮಾಡಿದ ಗುಂಪಿಗೆ ವಿ-ಲ್ಯಾನ್ ಎಂದು ಹೆಸರು, ಎಲ್ಲ ಗುಂಪುಗಳನ್ನೂ ಹೊತ್ತು ಸಾಗುವ ದಾರಿಗೆ ಟ್ರಂಕ್. ಸ್ವಿಚ್ಚಿಗೆ ಯಾವ ಯಾವ ಸಂಖ್ಯೆಯನ್ನು ಬಿಡಬೇಕು ಎಂದು ಮೊದಲೇ ಹೇಳಿಡಬೇಕು. ಹೇಳದ ಸಂಖ್ಯೆ ಬಂದರೆ ಅದು ಬೊಗಳುವುದೂ ಇಲ್ಲ, ಕಚ್ಚುವುದೂ ಇಲ್ಲ, ತೆಪ್ಪಗೆ ಎತ್ತಿ ಬಿಸಾಡುತ್ತದೆ. ಜೋಡಕ್ಕ ಎರಡೂ ಸ್ವಿಚ್ಚಿಗೆ ನಲವತ್ತನ್ನು ಹೇಳಿದಳು, ಎರಡೂ ಸಾಲನ್ನು ಓಡಿಸಿ ನೋಡಿದಳು, ನಾಳೆ ಶೆಡ್ಡು ಶುರು ಮಾಡಬಹುದು ಎಂದು ಮ್ಯಾನೇಜರಿಗೆ ಹೇಳಿ ಮನೆಗೆ ಬಂದಳು. ಅಂದು ಅವಳ ನಡಿಗೆಯಲ್ಲಿ ಒಂದು ಗತ್ತಿತ್ತು.

ಮರುದಿನ ಬೆಳಿಗ್ಗೆ ಶೆಡ್ಡಿನಲ್ಲಿ ಎಲ್ಲರೂ ಯಂತ್ರದ ಮುಂದೆ ನಿಂತರು. ಎಡಸಾಲು ಗುಯ್ಯೆಂದು ಹೊರಟಿತು. ಬಲಸಾಲು ಗಾಜು ಕಚ್ಚಿಕೊಂಡು ನಿಂತಿತು, ನಿಂತೇ ಇತ್ತು.

ಮೊದಲು ಸಾಲು ಸಾಲಿಗೆ ಮಾತು ಹತ್ತಿತು. ಎಡಸಾಲಿನ ಮೇಸ್ತ್ರಿ ಮಾತಿನ ಹೆಂಗಸು, ಕೈ ನೋಡಿ ಓಡ್ತವೆ ಯಂತ್ರ ಎಂದು ಗಾಳಿಗೆ ಹೇಳಿದಳು. ಬಲಸಾಲಿನ ಮೇಸ್ತ್ರಿ ಹಿರಿಯ ಮನುಷ್ಯ, ತನ್ನ ಸಾಲಿನವರೆಲ್ಲ ಕೈಕಟ್ಟಿ ನಿಂತದ್ದು ಕಂಡು ಮುಖ ಹರಳೆಣ್ಣೆ ಕುಡಿದಂತೆ ಮಾಡಿಕೊಂಡು, ನಿಮ್ಮ ಕಡೆ ಬೆಳಕು ಜಾಸ್ತಿ ಎಂದ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ, ಅವನಿಗೂ ಗೊತ್ತಿರಲಿಲ್ಲ.

ಮ್ಯಾನೇಜರು ಬಂದರು. ಒಳ್ಳೆಯ ಮನುಷ್ಯರೇ, ಆದರೆ ಹೊರಗಿನ ಒಂದು ಕಂಪನಿಯವರು ಬಹಳ ದಿನದಿಂದ ಅವರ ಕಿವಿ ಊದುತ್ತಿದ್ದರು, ನಿಮ್ಮ ನೆಟ್‌ವರ್ಕ್ ನಮಗೆ ಕೊಡಿ, ನಿಶ್ಚಿಂತೆಯಾಗಿರಿ ಎಂದು. ಆ ಕಂಪನಿಯವನು ಅಂದು ಮಧ್ಯಾಹ್ನವೇ ಬರುವುದಿತ್ತು. ಮ್ಯಾನೇಜರು ಜೋಡಕ್ಕನನ್ನು ಪಕ್ಕಕ್ಕೆ ಕರೆದು ದನಿ ಏರಿಸದೆ ಹೇಳಿದರು: "ಊಟದ ಹೊತ್ತಿಗೆ ಎರಡೂ ಸಾಲು ಓಡ್ಬೇಕಮ್ಮ. ಇಲ್ದಿದ್ರೆ ರೂಮಿನ ಕೀಲಿ ಅವರಿಗೆ ಕೊಟ್ಬಿಡ್ತೀನಿ. ನೀವು ಮತ್ತೆ ಫೋನ್ ಮೇಜಿಗೆ ಬನ್ನಿ."

ಬೈದಿದ್ದರೆ ಅವಳು ತಿರುಗಿ ನಾಲ್ಕು ಆಡುತ್ತಿದ್ದಳು. ಇದು ಬೈಗುಳವಲ್ಲವಲ್ಲ. ಆಯ್ತು ಸಾರ್ ಎಂದಳು.

ಕಚೇರಿ ಓಡುತ್ತಿದೆ, ಕ್ಯಾಮರಾಗಳು ಓಡುತ್ತಿವೆ, ಎಡಸಾಲು ಓಡುತ್ತಿದೆ. ಕೆಟ್ಟದ್ದು ಬಲಸಾಲು ಮಾತ್ರ. ಹಾಗಾದರೆ ಕೇಡು ಬಲಸಾಲಿನ ವೈರಿಂಗಿನಲ್ಲಿ ಎಂದು ಎಳೆಕೂಸೂ ಹೇಳೀತು. ಬಲಗೋಡೆಯ ವೈರಿಂಗ್ ಮಾಡಿದವನು ಯಾರು? ನನ್ನ ಹಿರಿಮಗ. ಎಡಗೋಡೆಯದು ಶೆಡ್ಡು ಕಟ್ಟಿದವರ ಕಡೆಯ ಆಳುಗಳದು. ಜೋಡಕ್ಕ ಶೆಡ್ಡಿನ ನಡುವೆ ನಿಂತು, ಎರಡೂ ಸಾಲಿನವರ ಮುಂದೆ, ಭಾವ, ನಿಮ್ಮ ವೈರೇ ಕೈಕೊಟ್ಟಿದೆ ಎಂದುಬಿಟ್ಟಳು. ಏಣಿಯ ಮೇಲಿದ್ದ ಅವನು ಇಳಿದು ಬಂದ. ಅವನ ಕಿವಿ ಎರಡೂ ಕೆಂಪಗಾಗಿದ್ದವು ಎಂದು ಎಡಸಾಲಿನ ಮೇಸ್ತ್ರಿ ಆಮೇಲೆ ನಮ್ಮ ಮನೆಗೇ ಬಂದು ಉಪ್ಪುಕಾರ ಹಚ್ಚಿ ಹೇಳಿದಳು.

ಅವನು ಒಂದು ಮಾತು ಮಾತ್ರ ಆಡಿದ. "ವೈರು ಕೆಟ್ಟಿದ್ರೆ ಆ ಯಂತ್ರನ ಈ ಕಡೆ ತಂದು ಹಚ್ಚಿದ್ರೆ ಓಡಬೇಕು. ಹಚ್ಚಿ ನೋಡಮ್ಮ."

ಹಚ್ಚಿ ನೋಡಿದರು. ಯಂತ್ರಕ್ಕೆ ಚಕ್ರ ಇತ್ತು, ನಾಲ್ಕು ಜನ ಸೇರಿ ಬಲಸಾಲಿನದೊಂದನ್ನು ಎಡಗೋಡೆಗೆ ತಳ್ಳಿ, ಎಡಗೋಡೆಯ ಕೇಬಲ್ ಸಿಕ್ಕಿಸಿದರು. ಅದು ಅಲ್ಲಿಯೂ ಗಾಜು ಕಚ್ಚಿಕೊಂಡು ನಿಂತಿತು. ಎಡಸಾಲಿನದನ್ನು ತಂದು ಬಲಗೋಡೆಗೆ ಹಚ್ಚಿದರೆ, ಹೊಸ ಮನೆಗೆ ಬಂದ ಖುಷಿಯಲ್ಲಿ ಗುಯ್ಯೆಂದಿತು. ಹಿರಿಮಗ ಸ್ಕ್ರೂಡ್ರೈವರ್ ಜೇಬಿಗಿಟ್ಟುಕೊಂಡು ಜೋಡಕ್ಕನನ್ನು ನೋಡಿದ. ಜೋಡಕ್ಕ ನೆಲ ನೋಡಿದಳು. ಆದರೆ ನೆಲ ನೋಡುತ್ತಲೇ ಅವಳ ತಲೆ ಓಡಲು ಶುರುವಾಗಿತ್ತು. ಗೋಡೆ ಬದಲಾದರೂ ಕೇಡು ಬದಲಾಗಲಿಲ್ಲ, ಯಂತ್ರದ ಬೆನ್ನು ಹತ್ತಿ ಹೋಯಿತು. ಯಂತ್ರಗಳೇನೋ ಒಂದೇ ಅಚ್ಚಿನವು. ಬೇರೆಯಾಗಿರುವುದು ನಂಬರು ಒಂದೇ. ಬೆಸದವು ಓಡುತ್ತಿವೆ, ಸಮದವು ನಿಂತಿವೆ. ಎಡ ಬಲ ಎನ್ನುವುದು ಬರೀ ಕಣ್ಣಿನ ಮೋಸ.

ಬೆಸ ಸಮ ಎಂದು ಜಗತ್ತನ್ನು ಎರಡು ಪಾಲು ಮಾಡುವವರು ಯಾರು? ಅವಳ ಎರಡು ಕೇಬಲ್ಲುಗಳೇ. ಸರ್ವರ್ ಭಾರ ಹಂಚುವಾಗ ವಿಳಾಸ ನೋಡಿ ಬೆಸದವರಿಗೆ ಹೋಗುವುದನ್ನು ಒಂದು ಕೇಬಲ್ಲಿಗೆ, ಸಮದವರಿಗೆ ಹೋಗುವುದನ್ನು ಇನ್ನೊಂದಕ್ಕೆ ಹಾಕುತ್ತದೆ. ಅವಳು ಕೋಣೆಯ ಕಡೆ ದಾಪುಗಾಲು ಹಾಕಿದಳು. ಭಾವ ಹಿಂದೆಯೇ ಹೋದ. ಬಲಸಾಲಿನ ಮೇಸ್ತ್ರಿ ಬಾಗಿಲಲ್ಲಿ ನಿಂತು, ಏನಾದರೂ ಆದರೆ ಕೂಗಿ ಹೇಳುವುದು ಎಂದಾಯಿತು.

ಕೋಣೆಯಲ್ಲಿ ಅವಳು ಕೇಬಲ್ ಹಿಡಿದುಕೊಂಡು ನಿಂತೇ ಇದ್ದಳಂತೆ. ಜೋಡಿಯಲ್ಲಿ ಒಂದನ್ನು ಕೀಳುವುದೆಂದರೆ ಅವಳಿಗೆ ಹಲ್ಲು ಕಿತ್ತಂತೆ. ಭಾವ ಗಂಟಲು ಸರಿಮಾಡಿಕೊಂಡು, ನೀನೇ ಹೇಳಿದ್ದೆಯಲ್ಲಮ್ಮ, ಒಂದು ಆರಿದರೆ ಯಾರಿಗೂ ಗೊತ್ತಾಗಲ್ಲ ಎಂದು, ಅಂದ. ಅವಳು ಮೊದಲನೆಯ ಸ್ವಿಚ್ಚಿನ ಕೇಬಲ್ ಕಿತ್ತಳು. ಶೆಡ್ಡಿನಿಂದ ಎಡಸಾಲಿನ ಮೇಸ್ತ್ರಿಯ ದನಿ ಗೋಡೆ ಸೀಳಿಕೊಂಡು ಬಂತು, ಅವಳ ಸಾಲೂ ನಿಂತಿತ್ತು. ಬಲಸಾಲಿನ ಮೇಸ್ತ್ರಿ ಅದನ್ನು ಕೂಗಿ ಹೇಳುವಾಗ ಅವನ ದನಿಯಲ್ಲಿ ಅಷ್ಟೇನೂ ದುಃಖ ಇರಲಿಲ್ಲ. ಕಚೇರಿ, ಕ್ಯಾಮರಾ ಮಾತ್ರ ಎಂದಿನಂತೆ ಓಡುತ್ತಿದ್ದವು. ಅವಳು ಅದನ್ನು ಸಿಕ್ಕಿಸಿ ಎರಡನೆಯ ಸ್ವಿಚ್ಚಿನದನ್ನು ಕಿತ್ತಳು. ಒಂದು ಉಸಿರು ಎಳೆದು ಬಿಡುವಷ್ಟರಲ್ಲಿ ಎಡಸಾಲು ಹೊರಟಿತು, ಅದರ ಬೆನ್ನಿಗೆ ಬಲಸಾಲೂ ಹೊರಟಿತು. ಎರಡು ಕೇಬಲ್ ಇದ್ದಾಗ ಅರ್ಧ ಶೆಡ್ಡು, ಒಂದೇ ಇದ್ದಾಗ ಪೂರ್ತಿ ಶೆಡ್ಡು. ಜೋಡಕ್ಕನ ಹಣೆಯಲ್ಲಿ ಇಂಥದ್ದೂ ಬರೆದಿತ್ತು.

ಎರಡನೆಯ ಸ್ವಿಚ್ಚನ್ನು ಕೇಳಿದಳು, ನಿನಗೆ ಯಾವ ಸಂಖ್ಯೆ ಗೊತ್ತು ಎಂದು. ಹತ್ತು, ಇಪ್ಪತ್ತು ಎಂದಿತು. ನಲವತ್ತರ ಸುದ್ದಿಯೇ ಇಲ್ಲ. ನಿನ್ನೆ ನನ್ನ ಕೈಯಾರೆ ಹೇಳಿದ್ದೀನಿ ಎಂದು ಅವಳು ಅದರ ಜೊತೆ ವಾದಕ್ಕೇ ನಿಂತಳು. ಆಮೇಲೆ ಅದು ಎದ್ದು ಎಷ್ಟು ಹೊತ್ತಾಯಿತು ಎಂದು ನೋಡಿದಳು. ವರ್ಷಗಟ್ಟಲೆ ಕಣ್ಣು ಮುಚ್ಚದ ಡಬ್ಬ ಅಂದು ಬೆಳಿಗ್ಗೆಯಷ್ಟೇ ಎದ್ದು ಕೂತಿತ್ತು.

ಇಲ್ಲಿ ಅವಳ ಕಸುಬಿನ ಒಂದು ಕಟ್ಟಳೆ ಹೇಳಬೇಕು. ಸ್ವಿಚ್ಚಿಗೆ ಹೊಸ ಮಾತು ಹೇಳಿದರೆ ಅದು ಆಗಲೇ ಪಾಲಿಸುತ್ತದೆ, ಆದರೆ ನೆನಪಿಗೆ ಬರೆದುಕೊಳ್ಳುವುದಿಲ್ಲ. ಬರೆದುಕೋ ಎಂದು ಬೇರೆಯಾಗಿ ಹೇಳಬೇಕು. ಬರೆಯದ ಮಾತು ಕರೆಂಟು ಹೋದರೆ ಹೋಯಿತು. ಜೋಡಕ್ಕ ಮೊದಲನೆಯ ಸ್ವಿಚ್ಚಿಗೆ ಬರೆಸುತ್ತಾಳೆ, ಎರಡನೆಯದಕ್ಕೆ ಒಂದು ದಿನ ಬರೆಸುವುದಿಲ್ಲ. ಹೊಸ ಮಾತಿನಿಂದ ಏನಾದರೂ ಎಡವಟ್ಟಾದರೆ ಎರಡನೆಯದನ್ನು ಆರಿಸಿ ಹೊತ್ತಿಸಿದರೆ ಸಾಕು, ಹಳೆಯ ಬುದ್ಧಿಗೆ ಬರುತ್ತದೆ ಎಂದು. ಜಾಣತನವೇ ಸರಿ. ಆದರೆ ಈ ಜಾಣತನ ಅವಳ ತಲೆಯೊಳಗೆ ಮಾತ್ರ ಇತ್ತು.

ಅವಳು ತಿರುಗಿ ನೋಡಿದರೆ ಭಾವ ಆ ಡಬ್ಬದ ಪ್ಲಗ್ಗನ್ನೇ ನೋಡುತ್ತಾ ನಿಂತಿದ್ದ.

"ಬೆಳಿಗ್ಗೆ ಆ ಎರಡನೇದರ ಕರೆಂಟು ವೈರನ್ನ ಹಳೇ ಬೋರ್ಡಿಂದ ಹೊಸ ಬೋರ್ಡಿಗೆ ಬದಲಾಯಿಸ್ದೆ," ಅಂದ. "ಅದರ ಪ್ಲಗ್ಗು ಒಂದು ಕ್ಷಣ ಕಿತ್ತೆ. ಯಾರಿಗೂ ಗೊತ್ತಾಗಲ್ಲ ಅಂದಿದ್ದೆಯಲ್ಲ. ಗೊತ್ತೂ ಆಗ್ಲಿಲ್ಲ."

"ನನಗೊಂದು ಮಾತು ಹೇಳ್ಬಾರ್ದಾ ಭಾವ?"

"ನೀನು ಅದಕ್ಕಿನ್ನೂ ಬರೆಸಿಲ್ಲ ಅಂತ ನನಗೆ ಹೇಳಿದ್ಯಾ?"

ಅಷ್ಟರಲ್ಲಿ ಮ್ಯಾನೇಜರು ಬಾಗಿಲಿಗೆ ಬಂದರು. ಎರಡೂ ಸಾಲು ಓಡುತ್ತಿವೆ ಎಂದು ಬಲಸಾಲಿನ ಮೇಸ್ತ್ರಿ ಹೇಳಿಯಾಗಿತ್ತು. ಊಟದ ಗಂಟೆ ಇನ್ನೂ ಹೊಡೆದಿರಲಿಲ್ಲ. ಭೇಷ್, ಏನಾಗಿತ್ತು ಎಂದು ಕೇಳಿದರು.

ಅಲ್ಲಿ ಅವಳಿಗೆ ತಪ್ಪಿಸಿಕೊಳ್ಳುವುದಕ್ಕೆ ಎರಡು ದಾರಿ ಇದ್ದವು. ಕೇಬಲ್ ಸಡಿಲವಾಗಿತ್ತು ಎಂದು ಕೈತೊಳೆದುಕೊಳ್ಳಬಹುದಿತ್ತು, ಕೀಲಿ ಉಳಿಯುತ್ತಿತ್ತು. ಎಲೆಕ್ಟ್ರಿಷಿಯನ್ ಹೇಳದೆ ಕಿತ್ತ ಎಂದು ಭಾವನ ತಲೆಗೆ ಕಟ್ಟಬಹುದಿತ್ತು, ಆಗಲೂ ಕೀಲಿ ಉಳಿಯುತ್ತಿತ್ತು, ಆದರೆ ಅವನ ಕೆಲಸಕ್ಕೆ ಕಲ್ಲು ಬೀಳುತ್ತಿತ್ತು. ಅವನು ಬಾಯಿ ತೆರೆಯುವುದನ್ನು ಕಂಡು ಅವಳೇ ಮುಂದೆ ಬಂದಳಂತೆ. ಎರಡನೇ ಸ್ವಿಚ್ಚಿಗೆ ಬರೆಸದೆ ಬಿಟ್ಟದ್ದು ತಾನು, ಬರೆಸಿಲ್ಲ ಎನ್ನುವುದನ್ನು ಯಾರಿಗೂ ಹೇಳದೆ, ಕಿತ್ತರೂ ಏನೂ ಆಗಲ್ಲ ಎಂದು ಜಂಬ ಕೊಚ್ಚಿದ್ದೂ ತಾನು, ಭಾವ ತನ್ನ ಮಾತು ನಂಬಿ ಕಿತ್ತರು ಎಂದು ಬಿಡಿಸಿ ಹೇಳಿದಳು. ಈಗ ಶೆಡ್ಡು ಓಡುತ್ತಿರುವುದು ಒಂಟಿ ಕಾಲಿನಲ್ಲಿ ಎಂದೂ ಸೇರಿಸಿದಳು. ಭಾವ ಹಿಂದಿನಿಂದ, ಕಿತ್ತದ್ದು ನಾನು ಸಾರ್, ಕೇಳಬೇಕಿತ್ತು, ಎಂದ.

ಮ್ಯಾನೇಜರು ಇಬ್ಬರನ್ನೂ ನೋಡಿದರು. ಅವರಿಗೆ ಅರ್ಧ ತಿಳಿಯಿತು, ಇನ್ನರ್ಧವನ್ನು ಮುಖ ನೋಡಿ ತಿಳಿದುಕೊಂಡರು. ಆ ಎರಡನೆಯದನ್ನು ಈಗ ಸರಿ ಮಾಡೋಕಾಗುತ್ತಾ, ನಾನು ನಿಂತು ನೋಡ್ತೀನಿ, ಎಂದು ಕುರ್ಚಿ ಎಳೆದುಕೊಂಡು ಕೂತರು.

ಶೆಡ್ಡು ಪೂರ್ತಿ ಓಡುತ್ತಿದೆ. ಕೈ ತಪ್ಪಿದರೆ ಎರಡೂ ಸಾಲು ಮಕಾಡೆ ಮಲಗುತ್ತವೆ. ಎಲ್ಲರೂ ಹೋದ ಮೇಲೆ ಮಾಡುತ್ತೇನೆ ಎಂದು ಹೇಳುವುದಕ್ಕೆ ಅವಳ ನಾಲಿಗೆ ಮೇಲೆದ್ದಿತ್ತು, ಹೇಳಲಿಲ್ಲ. ಕೂತು ಎರಡನೆಯ ಸ್ವಿಚ್ಚಿಗೆ ನಲವತ್ತನ್ನು ಹೇಳಿದಳು. ಇದ್ದ ಹತ್ತು, ಇಪ್ಪತ್ತು ಅಳಿಸಿಹೋಗದಂತೆ ಜೊತೆಗೆ ಸೇರಿಸಿಕೋ ಎಂದಳು. ಕೇಳಿ ಖಾತ್ರಿ ಮಾಡಿಕೊಂಡಳು. ಈ ಸಲ ತಡಮಾಡದೆ ಬರೆದುಕೋ ಎಂದಳು. ಕೊನೆಗೆ ಎದ್ದು ಕೇಬಲ್ ಹಿಡಿದು, ಟಕ್ ಎನ್ನುವವರೆಗೆ ಒತ್ತಿದಳು. ಮೂವರೂ ಶೆಡ್ಡಿನ ಕಡೆ ಕಿವಿ ಕೊಟ್ಟರು. ಗುಯ್ಯೆನ್ನುವುದು ಗುಯ್ಯೆನ್ನುತ್ತಲೇ ಇತ್ತು.

"ಆಯ್ತಾ?" ಎಂದರು ಮ್ಯಾನೇಜರು.

"ಆಯ್ತು ಸಾರ್."

"ಏನೂ ಆಗ್ಲೇ ಇಲ್ವಲ್ಲಮ್ಮ."

"ಏನೂ ಆಗ್ಬಾರ್ದು ಸಾರ್. ನನಗೆ ಸಂಬಳ ಕೊಡೋದು ಅದಕ್ಕೇ."

ಮ್ಯಾನೇಜರು ನಗುವುದೋ ಬೇಡವೋ ಎಂದು ಸ್ವಲ್ಪ ಯೋಚಿಸಿ, ಅಲ್ಲಿಂದಲೇ ಹೊರಗಿನ ಕಂಪನಿಗೆ ಫೋನು ಮಾಡಿದರು. ಇವತ್ತು ಬರುವುದು ಬೇಡ, ನಮ್ಮವರು ನೋಡಿಕೊಂಡರು ಎಂದರು. ಆ ಕಡೆಯವನು ಹಾಗಾದರೆ ಮುಂದಿನ ವಾರ ಬರಲೇ ಎಂದಿರಬೇಕು, ಇವರು, ಬೇಕಾದರೆ ನಾವೇ ಕರೆಯುತ್ತೇವೆ ಎಂದು ಇಟ್ಟುಬಿಟ್ಟರು. ಹೋಗುವಾಗ ಮಾತ್ರ ಬಾಗಿಲಲ್ಲಿ ತಿರುಗಿ, ಇನ್ನು ಮೇಲೆ ಈ ಕೋಣೆಯಲ್ಲಿ ಪ್ಲಗ್ಗು ಕೀಳುವವರೂ ಬರೆಸದೆ ಬಿಡುವವರೂ ಒಬ್ಬರಿಗೊಬ್ಬರು ಹೇಳಿಕೊಳ್ಳಿ, ಒಂದೇ ಮನೆಯಲ್ಲಿ ಊಟ ಮಾಡ್ತೀರಲ್ಲ ಎಂದರು. ಹಾಗೆಂದ ದಿನದಿಂದ ನಮ್ಮ ಮನೆಯ ಊಟದ ಮಾತುಕತೆ ಬರೀ ಪ್ಲಗ್ಗು ಸ್ವಿಚ್ಚಾಗಿ ಕೆಟ್ಟು ಕೆರ ಹಿಡಿದಿದೆ, ಅದು ಬೇರೆ ಮಾತು.

ಊಟದ ಗಂಟೆ ಹೊಡೆಯಿತು. ಇಬ್ಬರೂ ಶೆಡ್ಡಿನ ನಡುವಿನಿಂದಲೇ ಹೊರಗೆ ಹೋಗಬೇಕಿತ್ತು. ಎಲ್ಲರೂ ಕೈ ಒರೆಸಿಕೊಳ್ಳುತ್ತಾ ಏಳುತ್ತಿದ್ದರು. ಎಡಸಾಲಿನ ಮೇಸ್ತ್ರಿ ಸುಮ್ಮನಿರುವ ಪೈಕಿಯಲ್ಲ, ಕೊನೆಗೂ ನಿಮ್ಮ ಭಾವನ ವೈರು ಸರಿ ಹೋಯ್ತಾ ಜೋಡಕ್ಕ ಎಂದು ಕೇಳಿದಳು. ಕೇಳಿದ ರೀತಿಗೆ ನಾಲ್ಕು ಜನ ಕಿಸಕ್ಕೆಂದರು. ಹಿರಿಮಗ ಬಾಗಿಲ ಕಡೆಗೆ ಹೆಜ್ಜೆ ಜೋರು ಮಾಡಿದ.

ಜೋಡಕ್ಕ ನಿಂತಳು. ಬೆಳಿಗ್ಗೆ ನಿಂತು ಅವನ ಹೆಸರು ಕೆಡಿಸಿದ ಜಾಗವೇ ಅದು.

"ವೈರು ಕೆಟ್ಟಿರ್ಲಿಲ್ಲ ಕಣಕ್ಕ. ನಾನೇ ತಪ್ಪು ಹೇಳಿದ್ದು. ಈ ಶೆಡ್ಡಲ್ಲಿ ನೆಟ್ಟಗಿರೋದು ಅಂದ್ರೆ ಭಾವನ ವೈರು ಒಂದೇ."

ಬಾಗಿಲು ಮುಟ್ಟಿದ್ದ ಹಿರಿಮಗ ಹಿಂದಕ್ಕೆ ತಿರುಗಿದ. ಜೇಬಿನಲ್ಲಿದ್ದ ಸ್ಕ್ರೂಡ್ರೈವರ್ ತೆಗೆದು ನೋಡಿ ಮತ್ತೆ ಜೇಬಿಗಿಟ್ಟ. "ಎಡಗೋಡೆದೂ ಒಂದ್ಸಲ ನೋಡ್ಬೇಕಮ್ಮ," ಅಂದ, "ಆಳುಗಳು ಹೆಂಗೆ ಎಳೆದಿದ್ದಾರೋ." ಎಡಸಾಲಿನ ಮೇಸ್ತ್ರಿ ತನ್ನ ಗೋಡೆಯ ಕಡೆ ಒಮ್ಮೆ ತಿರುಗಿ ನೋಡಿದಳು. ಅವರಿಬ್ಬರೂ ಊಟಕ್ಕೆ ಹೋದರು.